ಕಾರ್ಕ್‌ಟೌನ್: ರೈಲಿಲ್ಲದ ನಿಲ್ದಾಣದ ಕೇರಿ

ಅಮೆರಿಕದ ಡೆಟ್ರಾಯಿಟ್ ನಗರದ ನಡುಪೇಟೆಯಿಂದ ಮಿಷಿಗನ್ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ಹೊರಟರೆ, ಒಂದು ಮೈಲಿ ಕಳೆಯುವಷ್ಟರಲ್ಲಿ ಕಾರ್ಕ್‌ಟೌನ್ ಸಿಗುತ್ತದೆ. ಆ ಊರಲ್ಲಿ ಇನ್ನೂ ಉಳಿದಿರುವ ಕೇರಿಗಳಲ್ಲಿ ಇದೇ ಹಳೆಯದು. ಹೆಸರು ಬಂದದ್ದು ಐರ್ಲೆಂಡಿನ ಕಾರ್ಕ್ ಸೀಮೆಯಿಂದ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು, ಹೊಟ್ಟೆಗೆ ದಿಕ್ಕಿಲ್ಲದೆ ಹಡಗು ಹತ್ತಿದವರಲ್ಲಿ ಹಲವು ಸಂಸಾರಗಳು ಇಲ್ಲಿ ಬಂದು ನೆಲೆಸಿದವು. ಅವರ ಹಿಂದೆ ಜರ್ಮನರು, ಮಾಲ್ಟಾ ದ್ವೀಪದವರು, ಮೆಕ್ಸಿಕೋದವರು ಬಂದರು. ಬಹುಪಾಲು ದುಡಿದು ತಿನ್ನುವ ಜನ. ಕಿರಿದಾದ ನಿವೇಶನ, ಹಲಗೆಯ ಗೋಡೆ, ಮುಂದೊಂದು ಪುಟ್ಟ ಜಗಲಿ: ಅವರ ಕಾಲದ ಮನೆಗಳು ಈಗಲೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ.

ಈ ಸಣ್ಣ ಮನೆಗಳ ನಡುವೆ ಒಂದರ ಹಿಂದೊಂದು ಎರಡು ದೊಡ್ಡ ಕಟ್ಟಡಗಳು ಎದ್ದವು. 1912ರ ಏಪ್ರಿಲ್‌ನಲ್ಲಿ ಮಿಷಿಗನ್ ಮತ್ತು ಟ್ರಂಬಲ್ ರಸ್ತೆಗಳು ಕೂಡುವ ಮೂಲೆಯಲ್ಲಿ ಬೇಸ್‌ಬಾಲ್ ಕ್ರೀಡಾಂಗಣ. ಮುಂದೆ ಅದು ಟೈಗರ್ ಸ್ಟೇಡಿಯಂ ಎಂದು ಹೆಸರಾಯಿತು. 1913ರ ಡಿಸೆಂಬರ್‌ನಲ್ಲಿ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ನಕ್ಷೆ ಬರೆದವರೇ ಇದರ ನಕ್ಷೆಯನ್ನೂ ಬರೆದರು. ರೋಮನ್ನರ ಸ್ನಾನಗೃಹವನ್ನು ನೆನಪಿಸುವ ಕಮಾನಿನ ಹಜಾರ, ಅದರ ಹಿಂದೆ 18 ಅಂತಸ್ತಿನ ಕಚೇರಿ ಕಟ್ಟಡ. ಮೇಲಿನ ಕೆಲವು ಅಂತಸ್ತುಗಳ ಒಳಗೆಲಸ ಮಾತ್ರ ಕಡೆಗೂ ಮುಗಿಯಲಿಲ್ಲ.

ಪೇಟೆ ತಾನಾಗಿಯೇ ನಿಲ್ದಾಣದ ಕಡೆಗೆ ಬೆಳೆದು ಬರುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಪೇಟೆಯಿಂದ ದೂರ ಕಟ್ಟಿದ್ದರು. ಪೇಟೆ ಬರಲಿಲ್ಲ. ಜನ ಟ್ರಾಮು ಹತ್ತಿ ಬರುತ್ತಿದ್ದರು. ಕಾಲ ಕಳೆದಂತೆ ಅದೂ ನಿಂತಿತು. ನಾಲ್ಕಾರು ಮೈಲಿ ಆಚೆ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ತಯಾರಾಗುತ್ತಿದ್ದ ಕಾರುಗಳೇ ನಿಲ್ದಾಣದ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಹೋದವು.

ಕೇರಿಯನ್ನು ಒಡೆದದ್ದೂ ಕಾರೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 1950ರ ದಶಕದಿಂದ ಲಾಡ್ಜ್ ಹೆದ್ದಾರಿಗೆಂದು, ಆಮೇಲೆ ಉಗ್ರಾಣ ಮತ್ತು ಸಣ್ಣ ಕಾರ್ಖಾನೆಗಳಿಗೆಂದು ಕಾರ್ಕ್‌ಟೌನಿನ ದೊಡ್ಡ ಪಾಲನ್ನು ಕೆಡವಿದರು. ಅತ್ತ ಕಾರ್ಖಾನೆಗಳು ಅಗ್ಗದ ಜಾಗ ಹುಡುಕಿ ಊರಾಚೆ ಹೋದವು. ಬಿಳಿಯರು ಅವುಗಳ ಹಿಂದೆ ಹೋದರು. ಹೊರವಲಯದ ಬಾಗಿಲು ಕಪ್ಪು ಜನರಿಗೆ ಬಹುಕಾಲ ತೆರೆಯಲಿಲ್ಲ. 1967ರ ಬೇಸಗೆಯಲ್ಲಿ ಊರೊಳಗೆ ದಂಗೆ ಎದ್ದು 43 ಜನ ಸತ್ತರು. 1950ರಲ್ಲಿ 18.5 ಲಕ್ಷವಿದ್ದ ಊರು 2020ರ ಜನಗಣತಿಯ ಹೊತ್ತಿಗೆ 6.39 ಲಕ್ಷಕ್ಕೆ ಇಳಿದಿತ್ತು. ಡೆಟ್ರಾಯಿಟ್‌ನಲ್ಲಿದ್ದೇವೆ ಎನ್ನುವ ನಮ್ಮ ಕನ್ನಡಿಗರಲ್ಲೂ ಹೆಚ್ಚಿನವರ ಮನೆ ಇರುವುದು ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಹೊರವಲಯದಲ್ಲಿ. ಕಾರು ಕಂಪನಿಗಳ ಎಂಜಿನಿಯರಾಗಿ ಬಂದವರು, ಕಂಪನಿಗಳು ಎಲ್ಲಿಗೆ ಹೋಗಿದ್ದವೋ ಅಲ್ಲೇ ಮನೆ ಮಾಡಿದರು.

1988ರ ಜನವರಿಯಲ್ಲಿ ಕಡೆಯ ರೈಲು ಹೊರಟಿತು. ಆಮೇಲೆ ನಿಲ್ದಾಣ ಕಳ್ಳರ ಪಾಲು. ತಾಮ್ರದ ತಂತಿ, ಹಿತ್ತಾಳೆ, ಅಮೃತಶಿಲೆ, ಕಿತ್ತು ಒಯ್ಯಬಹುದಾದದ್ದೆಲ್ಲ ಹೋಯಿತು. ಗಾಜಿಲ್ಲದ ನೂರಾರು ಕಿಟಕಿಗಳ ಆ ಅಸ್ಥಿಪಂಜರ, ಸತ್ತ ಡೆಟ್ರಾಯಿಟ್‌ನ ಚಿತ್ರವಾಗಿ ಪತ್ರಿಕೆ ಪತ್ರಿಕೆಗಳಲ್ಲಿ ಮೆರೆಯಿತು. 1999ರ ಸೆಪ್ಟೆಂಬರ್‌ನಲ್ಲಿ ಕ್ರೀಡಾಂಗಣದಲ್ಲೂ ಕಡೆಯ ಪಂದ್ಯ ಮುಗಿದು ತಂಡ ನಡುಪೇಟೆಗೆ ಹೋಯಿತು. ಹತ್ತು ವರ್ಷದೊಳಗೆ ಕಟ್ಟಡ ನೆಲಸಮವಾಯಿತು. ಮೈದಾನ ಉಳಿಯಿತು, ಎತ್ತರದ ಧ್ವಜಸ್ತಂಭ ಉಳಿಯಿತು, ಮೊಣಕಾಲು ಮುಳುಗುವ ಕಳೆ ಬೆಳೆಯಿತು.

ಕೇರಿ ಚೇತರಿಸಿಕೊಂಡ ಕಥೆಯನ್ನು ನಾನು ಆ ಕಳೆಯಿಂದ ಶುರುಮಾಡುತ್ತೇನೆ. 2010ರಲ್ಲಿ ಕೆಲವರು ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ಆ ಮೈದಾನಕ್ಕೆ ನುಗ್ಗಿದರು. ಯಾರೂ ಕರೆದಿರಲಿಲ್ಲ, ನಗರಸಭೆ ಒಪ್ಪಿಗೆ ಕೊಟ್ಟಿರಲಿಲ್ಲ. ಪೊಲೀಸರು ಹೊರಗೆ ಕಳಿಸಿದ್ದೂ ಉಂಟು. ಮತ್ತೆ ಬಂದರು. ಕಳೆ ಕಿತ್ತು, ಕಸ ಹೆಕ್ಕಿ, ಮಣ್ಣು ಹದಮಾಡಿ, ಬೇಸ್‌ಬಾಲ್ ಅಂಗಳವನ್ನು ಮತ್ತೆ ಆಡುವ ಹಾಗೆ ಮಾಡಿದರು. ಅಪ್ಪಂದಿರು ಮಕ್ಕಳ ಕೈ ಹಿಡಿದು ಬರತೊಡಗಿದರು. ಅಷ್ಟರಲ್ಲೇ ನಿಲ್ದಾಣದ ಎದುರು ಸಾಲಿನಲ್ಲಿ 2005ರಲ್ಲಿ ಶುರುವಾಗಿದ್ದ ಸ್ಲೋಸ್ ಬಾರ್ಬೆಕ್ಯೂ ಹೋಟೆಲಿನ ಮುಂದೆ ಜನ ಸರತಿಯಲ್ಲಿ ನಿಲ್ಲುತ್ತಿದ್ದರು. ಆಗಿನ್ನೂ ನಗರದ ಬೀದಿದೀಪಗಳಲ್ಲಿ ನೂರಕ್ಕೆ ನಲವತ್ತು ಉರಿಯುತ್ತಿರಲಿಲ್ಲ. 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲ ಹೊತ್ತ ಆ ನಗರ ದಿವಾಳಿ ಅರ್ಜಿ ಹಾಕಿತು.

ದೊಡ್ಡ ದುಡ್ಡು ಬಂದದ್ದು ಇಷ್ಟೆಲ್ಲ ಆದಮೇಲೆ. 2018ರಲ್ಲಿ ಫೋರ್ಡ್ ಕಂಪನಿ ನಿಲ್ದಾಣವನ್ನು ಕೊಂಡಿತು. ಕಾರು ಕೆಡಿಸಿದ್ದನ್ನು ಕಾರಿನವರೇ ಕೊಂಡಂತಾಯಿತು. ನೆಲಮಾಳಿಗೆಯಿಂದ 35 ಲಕ್ಷ ಗ್ಯಾಲನ್ ನೀರು ಹೊರಹಾಕಬೇಕಾಯಿತು. ಹೊಂದುವ ಕಲ್ಲಿಗಾಗಿ ಇಂಡಿಯಾನಾದಲ್ಲಿ ಮುಚ್ಚಿಹೋಗಿದ್ದ ಗಣಿಯನ್ನು ಮತ್ತೆ ತೆರೆಸಿದರು. ಹಜಾರದ ಕಮಾನಿನಲ್ಲಿದ್ದ 29,000 ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಒಂದೊಂದಾಗಿ ತೊಳೆದು ನೋಡಿದರೆ, ಬದಲಿಸಬೇಕಾದವು ಸುಮಾರು 1,300 ಮಾತ್ರ. ಮೂವತ್ತು ವರ್ಷ ಮಳೆ ಹಿಮ ಕುಡಿದ ಚಾವಣಿ ಅದು!

ಫೋರ್ಡ್ ಕೊಂಡ ಸುದ್ದಿ ಹರಡಿದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಹೆಸರು ಹೇಳದ ಒಬ್ಬರು ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿ, ನಿಲ್ದಾಣದ ಹಳೆಯ ಗಡಿಯಾರವನ್ನು ವಾಪಸು ಕೊಡಬೇಕು ಎಂದರು. ಹೇಳಿದ ಕಡೆ ಹೋಗಿ ನೋಡಿದರೆ ಸುಟ್ಟ ಕಟ್ಟಡವೊಂದಕ್ಕೆ ಒರಗಿಸಿಟ್ಟಿದ್ದ, ಕಂಬಳಿ ಸುತ್ತಿದ ಗಡಿಯಾರ! ಕದ್ದವರೇ ಇಟ್ಟರೋ, ಕಳ್ಳರಿಂದ ಕಾಪಾಡಿಟ್ಟವರು ಇಟ್ಟರೋ, ಅಂತೂ ಅದನ್ನು ಗುಜರಿಗೆ ಹಾಕಿರಲಿಲ್ಲ.

2024ರ ಜೂನ್ 6ರಂದು ನಿಲ್ದಾಣದ ಮುಂದೆ ಡಯಾನಾ ರಾಸ್ ಹಾಡಿದರು, ಬಾಗಿಲು ತೆರೆಯಿತು. ಒಳಗೆ ಕಚೇರಿಗಳು ಬಂದವು, ರೈಲು ಬರಲಿಲ್ಲ. ಅದೇ ಹೊತ್ತಿಗೆ ಡೆಟ್ರಾಯಿಟ್‌ನ ಜನಸಂಖ್ಯೆ 1957ರ ನಂತರ ಮೊದಲ ಬಾರಿ ಏರಿದೆ ಎಂಬ ಅಂದಾಜು ಹೊರಬಿತ್ತು. ಸಾರ್ವಜನಿಕ ನೆರವು ಪಡೆಯುವ ದೊಡ್ಡ ಯೋಜನೆಗಳವರು ಸುತ್ತಲ ನಿವಾಸಿಗಳ ಜೊತೆ ಕೂತು ಮಾತಾಡಲೇಬೇಕು ಎಂಬ ಕಟ್ಟಳೆಗೆ ನಗರದ ಮತದಾರರು 2016ರಲ್ಲೇ ಒಪ್ಪಿಗೆ ಕೊಟ್ಟಿದ್ದರು. ಅದರಂತೆ ಫೋರ್ಡ್ ಸುತ್ತಲ ಕೇರಿಗಳಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಮನೆಯ ಬೆಲೆ ಮಾತ್ರ ಯಾವ ಮಾತುಕತೆಗೂ ಕಾಯುವುದಿಲ್ಲ. ಸ್ವಂತ ಮನೆ ಇದ್ದವರಿಗೆ ಅದು ಆಸ್ತಿ, ಬಾಡಿಗೆಯವರಿಗೆ ಗಂಟು ಕಟ್ಟಿಕೊಳ್ಳುವ ಸೂಚನೆ.

ಬೇಸ್‌ಬಾಲ್ ಮೂಲೆಗೂ ಹಣ ಬಂತು. ಸುತ್ತ ಹೊಸ ಕಟ್ಟಡಗಳೆದ್ದವು, 2018ರಲ್ಲಿ ಊರಿನ ಮಕ್ಕಳಿಗೆಂದೇ ಹೊಸ ಆಟದ ಅಂಗಳ ತೆರೆಯಿತು. ಹಳೆಯ ಧ್ವಜಸ್ತಂಭ ಅದೇ ಜಾಗದಲ್ಲಿದೆ. ಮಕ್ಕಳು ವರ್ಷವಿಡೀ ಆಡಲಿ, ಕೆಸರಾಗದಿರಲಿ ಎಂದು ಅಂಗಳಕ್ಕೆ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿದರು. ಯಂತ್ರ ತಳ್ಳಿಕೊಂಡು ಬರುತ್ತಿದ್ದವರು ಬೇಡವೆಂದು ಜಗಳವಾಡಿ ನೋಡಿದರು, ಸೋತರು. ಮಕ್ಕಳೇನೋ ಅಲ್ಲಿ ಆಡುತ್ತಿದ್ದಾರೆ. ಆ ಹುಲ್ಲಿಗೆ ಕತ್ತರಿಸುವವರು ಬೇಕಿಲ್ಲ.