ಸರ್ವಾಧಿಕಾರಿಯ ಪುಸ್ತಕವನ್ನು ಇಡಿಯಾಗಿ ಓದುವುದು: ‘ಮೈನ್ ಕಾಂಫ್’ ಪ್ರಕಟಣೆಯ ಇತಿಹಾಸದಿಂದ ಒಂದು ವಾದ

ಕೋಟ್ಯಂತರ ಜನರ ಸಾವಿಗೆ ಕಾರಣನಾದವನೊಬ್ಬನ ಪುಸ್ತಕವನ್ನು ಓದಬಹುದೆ ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ನೀತಿಯ ಪ್ರಶ್ನೆಯಾಗಿ ಮಾತ್ರ ಎತ್ತಿಕೊಳ್ಳುತ್ತೇವೆ. ಓದಿದರೆ ಮನಸ್ಸು ಕೆಡುತ್ತದೆ ಎನ್ನುವವರು ಒಂದು ಕಡೆ, ಓದಿಗೆ ಎಲ್ಲೆ ಹಾಕಬಾರದು ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಆ ಪುಸ್ತಕವನ್ನು ಹಿಂದೆ ಓದಿದವರಿಗೆ, ಓದದವರಿಗೆ, ಅರ್ಧಂಬರ್ಧ ಓದಿದವರಿಗೆ ಏನಾಯಿತು ಎಂದು ಕೇಳುವವರು ಕಡಿಮೆ. ಹಿಟ್ಲರನ ‘ಮೈನ್ ಕಾಂಫ್’ ವಿಷಯದಲ್ಲಿ ಇದಕ್ಕೆ ಸಾಕಷ್ಟು ಪುರಾವೆಗಳಿವೆ. ಯುದ್ಧಾನಂತರ ಆ ಪುಸ್ತಕದ ಹಕ್ಕು ಬವೇರಿಯ ರಾಜ್ಯದ ವಶಕ್ಕೆ ಬಂತು. ಅಲ್ಲಿನ ಸರ್ಕಾರ ಜರ್ಮನಿಯಲ್ಲಿ ಅದರ ಮರುಮುದ್ರಣಕ್ಕೆ ಅವಕಾಶ ಕೊಡಲಿಲ್ಲ. ಲೇಖಕ ಸತ್ತು ಎಪ್ಪತ್ತು ವರ್ಷ ತುಂಬಿ 2015ರ ಕೊನೆಗೆ ಹಕ್ಕು ಮುಗಿಯಿತು. 2016ರ ಜನವರಿ 8ರಂದು ಮ್ಯೂನಿಕ್ಕಿನ ಸಮಕಾಲೀನ ಇತಿಹಾಸ ಸಂಸ್ಥೆ ಅದನ್ನು ಎರಡು ಸಂಪುಟಗಳಲ್ಲಿ, ಸುಮಾರು 2000 ಪುಟಗಳಲ್ಲಿ, 3500ಕ್ಕೂ ಹೆಚ್ಚು ಟಿಪ್ಪಣಿಗಳೊಂದಿಗೆ ಹೊರತಂದಿತು. ಮೊದಲು ಈ ಕೆಲಸಕ್ಕೆ ಹಣ ಒದಗಿಸಲು ಒಪ್ಪಿದ್ದ ಬವೇರಿಯ ಸರ್ಕಾರ 2013ರಲ್ಲಿ ಹಿಂದೆ ಸರಿದಿತ್ತು. ನಾಜಿ ಕಾಲವನ್ನು ಬಾಲ್ಯದಲ್ಲಿಯೇ ಅನುಭವಿಸಿದ್ದ, ಮ್ಯೂನಿಕ್ಕಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ ಕ್ನೋಬ್ಲೋಕ್ ಪ್ರಕಟಣೆಯನ್ನು ವಿರೋಧಿಸಿದರು. ಅವರ ಆತಂಕವನ್ನು ಹಗುರಾಗಿ ತೆಗೆದುಕೊಳ್ಳಲು ಯಾರಿಗೂ ಹಕ್ಕಿಲ್ಲ. ಆದರೂ ಪುಸ್ತಕದ ಇತಿಹಾಸವನ್ನು ಮೊದಲಿನಿಂದ ನೋಡುತ್ತ ಬಂದರೆ, ಅದನ್ನು ಇಡಿಯಾಗಿ, ಟಿಪ್ಪಣಿಗಳೊಂದಿಗೆ ಓದುವುದರಿಂದ ಹಿಟ್ಲರನಿಗೆ ಲಾಭವಾಗಲಿಲ್ಲ, ಕತ್ತರಿಸಿದ ಓದಿನಿಂದ ಮತ್ತು ಓದದೆಯೇ ಕಟ್ಟಿಕೊಂಡ ಕಲ್ಪನೆಯಿಂದ ಲಾಭವಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಮೊದಲ ಸಾಕ್ಷಿ ಹಿಟ್ಲರನೇ. 1933ರಲ್ಲಿ ಲಂಡನ್ ಮತ್ತು ಅಮೆರಿಕದಲ್ಲಿ ಪ್ರಕಟವಾದ ಡಗ್‌ಡೇಲ್ ಅವರ ಇಂಗ್ಲಿಷ್ ಅನುವಾದ ಮೂಲದ ಬಹುಭಾಗವನ್ನು ಕೈಬಿಟ್ಟಿತ್ತು. ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದು ಮೊನಚು ಕಳೆದ ಹಿಟ್ಲರ್. ಫ್ರಾನ್ಸಿನ ಕತೆ ಇನ್ನೂ ಸ್ಪಷ್ಟ. ಫ್ರಾನ್ಸನ್ನು ಜರ್ಮನಿಯ ಬದ್ಧವೈರಿ ಎಂದು ಕರೆದು ಅದರ ನಾಶವನ್ನು ಬಯಸುವ ಪುಟಗಳು ಮೂಲದಲ್ಲಿದ್ದವು. 1934ರಲ್ಲಿ ಫೆರ್ನಾಂ ಸೊರ್ಲೊ ಎಂಬ ಪ್ರಕಾಶಕ ಅನುಮತಿಯಿಲ್ಲದೆ ಪೂರ್ಣ ಅನುವಾದವನ್ನು ಹೊರತಂದ. ಪ್ರತಿಯೊಬ್ಬ ಫ್ರೆಂಚ್ ಪ್ರಜೆಯೂ ಇದನ್ನು ಓದಲೇಬೇಕು ಎಂಬ ಮಾರ್ಷಲ್ ಲಿಯೊಟೆಯ ಅಭಿಪ್ರಾಯ ಪುಸ್ತಕದ ಆರಂಭದಲ್ಲಿಯೇ ಇತ್ತು. ಸೊರ್ಲೊ ಸ್ವತಃ ತೀವ್ರ ಬಲಪಂಥೀಯ. ಯಹೂದಿ ದ್ವೇಷದ ವಿರುದ್ಧ ಹೋರಾಡುತ್ತಿದ್ದ ಸಂಘಟನೆಯೊಂದು ಅದೇ ಮುದ್ರಣಕ್ಕೆ ಬೆಂಬಲ ಕೊಟ್ಟಿತು. ಪರಸ್ಪರ ಒಪ್ಪದ ಇವರಿಬ್ಬರೂ ಓದಬೇಕು ಎಂಬ ಒಂದು ಮಾತಿನಲ್ಲಿ ಸೇರಿದರು. ಹಿಟ್ಲರನ ಪ್ರಕಾಶನ ಸಂಸ್ಥೆ ಪ್ಯಾರಿಸ್ಸಿನ ನ್ಯಾಯಾಲಯಕ್ಕೆ ಹೋಗಿ ಹಕ್ಕುಸ್ವಾಮ್ಯದ ಆಧಾರದಲ್ಲಿ ಮಾರಾಟವನ್ನು ನಿಲ್ಲಿಸಿತು. ಮುಂದೆ 1938ರಲ್ಲಿ ಅನುಮತಿ ಪಡೆದು ಬಂದ ಫ್ರೆಂಚ್ ಆವೃತ್ತಿಯಲ್ಲಿ ಫ್ರಾನ್ಸಿನ ವಿರುದ್ಧದ ಮಾತುಗಳು ಉಳಿದಿರಲಿಲ್ಲ. 1939ರಲ್ಲಿ ಅಮೆರಿಕದ ಪತ್ರಕರ್ತ ಅಲನ್ ಕ್ರ್ಯಾನ್‌ಸ್ಟನ್ ಅಲ್ಲಿನ ಸಂಕ್ಷಿಪ್ತ ಆವೃತ್ತಿ ಏನೇನು ಮುಚ್ಚಿಟ್ಟಿದೆ ಎಂಬುದನ್ನು ಕಂಡು, ಬಿಟ್ಟ ಭಾಗಗಳನ್ನು ಎತ್ತಿ ತೋರಿಸುವ, ವಿವರಣೆಗಳಿದ್ದ ಪತ್ರಿಕಾ ರೂಪದ ಆವೃತ್ತಿಯನ್ನು ಹತ್ತು ಸೆಂಟಿಗೆ ಮಾರಿದ. ಹತ್ತು ದಿನಗಳಲ್ಲಿ ಐದು ಲಕ್ಷ ಪ್ರತಿಗಳು ಹೋದವು. ಮತ್ತೆ ಮೊಕದ್ದಮೆ, ಮತ್ತೆ ತಡೆ. ತನ್ನ ಪುಸ್ತಕವನ್ನು ಪೂರ್ಣವಾಗಿ ಓದುವ ವಿದೇಶಿ ಓದುಗರು ಹಿಟ್ಲರನಿಗೆ ಬೇಕಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕೆ?

ಓದು ಸೋಂಕಿನಂತೆ ಹರಡುತ್ತದೆ ಎಂಬುದು ಇದಕ್ಕೆ ಎದುರಾಗುವ ಮೊದಲ ಆಕ್ಷೇಪ. ಅಂಕಿಗಳು ಅದನ್ನು ಬೆಂಬಲಿಸುವುದಿಲ್ಲ. ಮೊದಲ ಸಂಪುಟ ಬಂದದ್ದು 1925ರ ಜುಲೈಯಲ್ಲಿ, ಎರಡನೆಯದು 1926ರ ಕೊನೆಗೆ. 1929ರವರೆಗೆ ಮೊದಲನೆಯದು ಸುಮಾರು 23,000, ಎರಡನೆಯದು ಸುಮಾರು 13,000 ಪ್ರತಿಗಳಷ್ಟೇ ಮಾರಾಟವಾದವು. 1932ರ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಮತಗಳು 1 ಕೋಟಿ 37 ಲಕ್ಷ. ಇವರಲ್ಲಿ ಬಹುತೇಕರು ಪುಸ್ತಕವನ್ನು ಓದಿ ಮತ ಹಾಕಿದವರಲ್ಲ. ಸಭೆ, ಮೆರವಣಿಗೆ, ನಿರುದ್ಯೋಗ, ಬೀದಿಯ ಹಿಂಸೆ, ಗಣರಾಜ್ಯದ ಮೇಲಿನ ಅವಿಶ್ವಾಸ ಇವೆಲ್ಲ ಸೇರಿ ಅವರನ್ನು ಅಲ್ಲಿಗೆ ತಂದಿದ್ದವು. ಪುಸ್ತಕ ಮನೆಮನೆಗೆ ಹೊಕ್ಕಿದ್ದು ಅಧಿಕಾರ ಸಿಕ್ಕ ಮೇಲೆ. ಮದುವೆಯಾದ ದಂಪತಿಗಳಿಗೆ ಸ್ಥಳೀಯ ಆಡಳಿತಗಳು ಅದನ್ನು ಉಡುಗೊರೆಯಾಗಿ ಕೊಡತೊಡಗಿದವು. 1945ರ ಹೊತ್ತಿಗೆ ಅಚ್ಚಾದ ಪ್ರತಿಗಳು ಸುಮಾರು 1 ಕೋಟಿ 20 ಲಕ್ಷ. ಕಾರಣ ಮತ್ತು ಪರಿಣಾಮಗಳ ಕ್ರಮ ಇಲ್ಲಿ ನಾವು ಊಹಿಸುವುದಕ್ಕೆ ತಿರುವುಮುರುವಾಗಿದೆ.

ಆದರೆ ಈ ವಾದವನ್ನು ಅತಿಗೆ ಒಯ್ಯಬಾರದು. ಯುದ್ಧಾನಂತರ ಜರ್ಮನ್ನರು ತಾವು ಪುಸ್ತಕವನ್ನು ಕೊಂಡರೂ ಓದಲಿಲ್ಲ ಎಂದು ಹೇಳಿಕೊಂಡರು. ಒಥ್ಮಾರ್ ಪ್ಲೋಕಿಂಗರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಆ ಸಮಾಧಾನವನ್ನು ಕಿತ್ತುಹಾಕಿತು. ಅವರು ಸಂಗ್ರಹಿಸಿದ ವಿಮರ್ಶೆಗಳು ಮತ್ತು ಗ್ರಂಥಾಲಯಗಳ ದಾಖಲೆಗಳು ಓದಿದವರು ಕಡಿಮೆಯೇನಿರಲಿಲ್ಲ ಎಂದು ತೋರಿಸುತ್ತವೆ. ನಾಜಿ ಆಡಳಿತದ ಭಾಷೆಯನ್ನು ದಿನಚರಿಯಲ್ಲಿ ದಾಖಲಿಸಿದ ಭಾಷಾತಜ್ಞ ವಿಕ್ಟರ್ ಕ್ಲೆಂಪರರ್‌ಗೂ ಇದೇ ಒಗಟು ಕಾಡಿತ್ತು: ಎಲ್ಲರ ಕಣ್ಣೆದುರಿಗೇ ಈ ಪುಸ್ತಕ ಇರುವಾಗ ಇವನು ಹೇಗೆ ಅಧಿಕಾರಕ್ಕೆ ಬಂದ? ಓದಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಆಗ ಓದಿದ ಅನೇಕರು ಅದನ್ನು ಚುನಾವಣೆಯ ಆರ್ಭಟವೆಂದು, ಜೈಲಿನಲ್ಲಿದ್ದವನ ಸಿಟ್ಟೆಂದು ಪಕ್ಕಕ್ಕಿಟ್ಟರು. ಹಾಗಾಗಿ ಓದುವ ಬಗೆ ಯಾವುದು ಎಂಬ ಪ್ರಶ್ನೆಯೇ ನಿರ್ಣಾಯಕ.

2016ರ ಆವೃತ್ತಿ ನಿಜವಾಗಿ ಬೆಲೆಬಾಳುವುದು ಇಲ್ಲಿಯೇ. ‘ಮೈನ್ ಕಾಂಫ್’ ಕೇವಲ ಸಿದ್ಧಾಂತದ ಪುಸ್ತಕವಲ್ಲ. ಬಡತನದಿಂದ ಮೇಲೆದ್ದ ಏಕಾಂಗಿ ವೀರನೊಬ್ಬನ ಆತ್ಮಕತೆ ಎಂಬ ವೇಷದಲ್ಲಿ ಅದು ಬರುತ್ತದೆ. ಓದುಗನನ್ನು ಸೆಳೆಯುವುದು ಆ ಕತೆ, ಟಿಪ್ಪಣಿಗಳು ಬಿಚ್ಚುವುದೂ ಅದನ್ನೇ. ತಾನು ವಿಯೆನ್ನಾ ಬಿಟ್ಟು ಮ್ಯೂನಿಕ್ಕಿಗೆ ಬಂದದ್ದು 1912ರ ವಸಂತದಲ್ಲಿ ಎಂದು ಹಿಟ್ಲರ್ ಬರೆಯುತ್ತಾನೆ. ಬಂದದ್ದು 1913ರ ಮೇ ತಿಂಗಳಲ್ಲಿ. ಆಸ್ಟ್ರಿಯದ ಕಡ್ಡಾಯ ಸೇನಾಸೇವೆಯಿಂದ ತಪ್ಪಿಸಿಕೊಂಡವನು ಅವನು. ಪಕ್ಷಕ್ಕೆ ಸೇರಿದಾಗ ತನ್ನ ಸದಸ್ಯ ಸಂಖ್ಯೆ 7 ಎನ್ನುತ್ತಾನೆ. ಅವನ ನಿಜವಾದ ಸಂಖ್ಯೆ 555. ಸದಸ್ಯರು ಹೆಚ್ಚಿದ್ದಾರೆಂದು ತೋರಿಸಲು ಪಕ್ಷ ಎಣಿಕೆಯನ್ನು 501ರಿಂದ ಆರಂಭಿಸಿತ್ತು. ವಿಯೆನ್ನಾದಲ್ಲಿ ತಾನು ಯಹೂದಿಗಳನ್ನು ಕಣ್ಣಾರೆ ಕಂಡು ದ್ವೇಷಿಯಾದೆ ಎಂಬ ಇಡೀ ಅಧ್ಯಾಯವೂ ನಿಲ್ಲುವುದಿಲ್ಲ: ಆ ವರ್ಷಗಳಲ್ಲಿ ಅವನ ಚಿತ್ರಗಳನ್ನು ಕೊಂಡು ಮಾರಿ ಅವನ ಹೊಟ್ಟೆ ಹೊರೆದ ವ್ಯಾಪಾರಿಗಳಲ್ಲಿ ಯಹೂದಿಗಳಿದ್ದರು ಎಂಬುದನ್ನು ಬ್ರಿಗಿಟೆ ಹಾಮಾನ್ 1996ರಲ್ಲಿ ದಾಖಲೆಗಳಿಂದ ತೋರಿಸಿಕೊಟ್ಟರು. ಅನುಭವದಿಂದ ಹುಟ್ಟಿದ ಸತ್ಯ ಎಂದು ಅವನು ಮುಂದಿಟ್ಟ ದ್ವೇಷ ಮ್ಯೂನಿಕ್ಕಿನ ರಾಜಕೀಯದಲ್ಲಿ ಬೆಳೆದು, ಆಮೇಲೆ ಬಾಲ್ಯ ಯೌವನಗಳಿಗೆ ಆರೋಪಿಸಿಕೊಂಡದ್ದು. ಪಠ್ಯವನ್ನು ನಿಷೇಧಿಸಿದರೆ ಈ ಸುಳ್ಳುಗಳು ಸಾಯುವುದಿಲ್ಲ. ಪಠ್ಯದ ಪಕ್ಕದಲ್ಲೇ ಪುರಾವೆಯನ್ನು ಇಟ್ಟರೆ ಅವುಗಳ ಬಲ ಕುಂದುತ್ತದೆ.

ಜೆರೆಮಿ ಆಡ್ಲರ್ ಎಂಬ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಪರಮ ದುಷ್ಟತನವನ್ನು ಸಂಪಾದಿಸಿ, ಟಿಪ್ಪಣಿ ಬರೆದು ಪಳಗಿಸಲಾಗದು ಎಂಬುದು ಅವರ ನಿಲುವು. ಶಾಸ್ತ್ರಗ್ರಂಥಕ್ಕೆ ಸಲ್ಲುವ ವ್ಯಾಖ್ಯಾನದ ಗೌರವ ಇಂಥ ಕೃತಿಗೆ ಸಲ್ಲಬೇಕೆ ಎಂಬ ಸಂಕಟ ಅದರೊಳಗಿದೆ, ಮತ್ತು ಅದು ನಿಜವಾದ ಸಂಕಟ. ಆದರೆ ಪರಮ ದುಷ್ಟತನ ಎಂದು ಕರೆದು ಇತಿಹಾಸದಾಚೆಗೆ ಇಟ್ಟೊಡನೆ ಆ ದ್ವೇಷವನ್ನು ಯಾರು ಯಾರಿಂದ ಎರವಲು ತಂದರು, ಯಾರು ಹಣ ಕೊಟ್ಟರು, ಯಾರು ಚಪ್ಪಾಳೆ ತಟ್ಟಿದರು ಎಂಬ ಪ್ರಶ್ನೆಗಳು ಬಾಯಿ ಕಟ್ಟಿಕೊಳ್ಳುತ್ತವೆ. ಟಿಪ್ಪಣಿಗಳು ಅವನ ಮಾತಿನ ಮೂಲಗಳನ್ನು ಆ ಕಾಲದ ಸಾಮಾನ್ಯ ಕರಪತ್ರಗಳಲ್ಲಿ, ಜನಾಂಗವಾದಿ ಬರಹಗಳಲ್ಲಿ ತೋರಿಸುತ್ತವೆ. ಇದರಿಂದ ಅವನ ಗೌರವ ಹೆಚ್ಚುವುದಿಲ್ಲ.

ಇತಿಹಾಸಕಾರರನ್ನು ಓದಿದರೆ ಸಾಲದೆ ಎನ್ನುವವರಿಗೆ ಒಂದು ನಿದರ್ಶನ ಸಾಕು. ನಾಜಿಗಳನ್ನು ಬಿಟ್ಟುಬಂದ ಹರ್ಮನ್ ರೌಷ್ನಿಂಗ್ 1938ರಲ್ಲಿ ಬರೆದ ಪುಸ್ತಕದ ಪ್ರಭಾವದಿಂದ, ಹಿಟ್ಲರನಿಗೆ ಅಧಿಕಾರದಾಹವಲ್ಲದೆ ಬೇರೆ ವಿಚಾರವೇ ಇರಲಿಲ್ಲ ಎಂಬ ನಂಬಿಕೆ ಬಹುಕಾಲ ಉಳಿಯಿತು. ಎಬರ್‌ಹಾರ್ಡ್ ಯೆಕೆಲ್ 1969ರಲ್ಲಿ ಹಿಟ್ಲರನ ಬರಹಗಳನ್ನೇ ಹಿಡಿದು ಕೂತು, ಪೂರ್ವದಲ್ಲಿ ನೆಲ ಗೆಲ್ಲುವುದು ಮತ್ತು ಯಹೂದಿಗಳನ್ನು ಇಲ್ಲವಾಗಿಸುವುದು ಎಂಬ ಎರಡು ಗುರಿಗಳು ಅಲ್ಲಿ ಒಂದಕ್ಕೊಂದು ಬೆಸೆದುಕೊಂಡಿವೆ ಎಂದು ತೋರಿಸಿದರು. ಹಾಗೆಂದು 1925ರ ಪುಸ್ತಕದಿಂದ ಆಶ್‌ವಿಟ್ಸ್‌ಗೆ ನೇರವಾದ ಗೆರೆ ಎಳೆಯುವುದೂ ತಪ್ಪು. ನರಮೇಧದ ಯೋಜನೆ ಅದರಲ್ಲಿ ಇಲ್ಲ. ಅಧಿಕಾರಶಾಹಿ, ಸೇನೆ, ಯುದ್ಧದ ಸಂದರ್ಭ ಇವು ವಹಿಸಿದ ಪಾತ್ರವನ್ನು ಮಾರ್ಟಿನ್ ಬ್ರೋಸಾಟ್, ಹಾನ್ಸ್ ಮೊಮ್‌ಸೆನ್ ಮುಂತಾದವರು ಒತ್ತಿ ಹೇಳಿದ್ದು ಸರಿಯಾಗಿಯೇ ಇದೆ. ಪುಸ್ತಕಕ್ಕೂ ನರಮೇಧಕ್ಕೂ ನಡುವಿನ ದೂರವನ್ನು ಅಳೆಯಬೇಕಾದರೂ ಪುಸ್ತಕ ಕೈಯಲ್ಲಿರಬೇಕು.

ಭಾರತದ ಮಟ್ಟಿಗೆ ಈ ಚರ್ಚೆ ಪರರ ಮನೆಯದಲ್ಲ. ‘ಮೈನ್ ಕಾಂಫ್’ ಇಂಗ್ಲಿಷ್ ಮರುಮುದ್ರಣಗಳು ನಮ್ಮ ಅಂಗಡಿಗಳಲ್ಲಿ ಯಾವ ಟಿಪ್ಪಣಿಯೂ ಇಲ್ಲದೆ, ಹಲವು ಸಲ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಸಾಲಿನಲ್ಲಿ, ಅಗ್ಗದ ಬೆಲೆಗೆ ಸಿಗುತ್ತವೆ. ನಾಯಕತ್ವದ, ಛಲದ ಪಾಠಕ್ಕೆಂದು ಕೊಳ್ಳುವ ತರುಣ ಓದುವುದು ಮೇಲೆ ಹೇಳಿದ ಕಟ್ಟುಕತೆಯನ್ನೇ. ಎರಡನೆಯ ಸಂಪುಟದಲ್ಲಿ ಪೂರ್ವದ ನೀತಿಯನ್ನು ಚರ್ಚಿಸುವ ಅಧ್ಯಾಯಕ್ಕೆ ಅವನು ತಲುಪುವುದು ವಿರಳ. ಭಾರತೀಯರು ಬ್ರಿಟಿಷರನ್ನು ಓಡಿಸಿಯಾರು ಎಂಬ ನಿರೀಕ್ಷೆಯನ್ನು ಅಲ್ಲಿ ಹಿಟ್ಲರ್ ಗೇಲಿ ಮಾಡುತ್ತಾನೆ, ಯುರೋಪಿಗೆ ಬಂದ ಭಾರತೀಯ ಹೋರಾಟಗಾರರನ್ನು ಹೀಯಾಳಿಸುತ್ತಾನೆ, ಭಾರತ ಬೇರೆ ಯಾರ ಕೈಗಾದರೂ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲಿರುವುದೇ ಲೇಸು ಎನ್ನುತ್ತಾನೆ. ಸುಭಾಷ್‌ಚಂದ್ರ ಬೋಸರು ಆ ಮಾತುಗಳನ್ನು ಓದಿದ್ದರು. 1942ರ ಮೇ ತಿಂಗಳಲ್ಲಿ ಹಿಟ್ಲರನನ್ನು ಭೇಟಿಯಾದಾಗ, ನೆರವು ಕೇಳಲು ಹೋದ ಸ್ಥಿತಿಯಲ್ಲಿಯೂ, ಆ ಭಾಗದ ಬಗ್ಗೆ ಸ್ಪಷ್ಟೀಕರಣ ಕೊಡಬೇಕೆಂದು ಎದುರಿಗೇ ಕೇಳಿದರು, ಹಿಟ್ಲರ್ ಜಾರಿಕೊಂಡ. ಆ ಪುಟಗಳು ಇಂದಿಗೂ ನಮ್ಮ ಮರುಮುದ್ರಣಗಳಲ್ಲಿ ಬೋಸರ ಪ್ರಶ್ನೆಯ ಉಲ್ಲೇಖವಿಲ್ಲದೆ ಅಚ್ಚಾಗುತ್ತಿವೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕನಿಷ್ಠ ಆ ಅಧ್ಯಾಯಕ್ಕೆ ಮತ್ತು ವಿಯೆನ್ನಾ ಅಧ್ಯಾಯಕ್ಕೆ ಕನ್ನಡದಲ್ಲಿ ಸಮಗ್ರ ಟಿಪ್ಪಣಿಗಳನ್ನು ಸಿದ್ಧಪಡಿಸಿ, ಪೂರ್ಣ ಪಠ್ಯವನ್ನು ಓದಲು ಹೊರಟವನ ಕೈಗೆ ಸಿಗುವಂತೆ ಮಾಡುವುದು ಸಾಧ್ಯವಿರುವ ಕೆಲಸ. ಅದಕ್ಕೆ ಬೇಕಾದ ಸಂಶೋಧನೆಯ ಬಹುಭಾಗ ಮ್ಯೂನಿಕ್ಕಿನಲ್ಲಿ ಆಗಲೇ ಮುಗಿದಿದೆ.