ಒಂದೇ ಸಭಾಂಗಣ, ಮೂರು ಕಛೇರಿ: 'ವೀವರ್ಸ್' ತಂಡ ಮಾಗಿದ ಕಥೆ

ಸ್ಟುಡಿಯೊದಲ್ಲಿ ತಪ್ಪಿದರೆ ಇನ್ನೊಂದು ಸಲ ಹಾಡಬಹುದು. ಜನರ ಮುಂದೆ ಆ ಅವಕಾಶ ಇಲ್ಲ. ಅದಕ್ಕೇ ಒಂದು ಗಾಯನ ತಂಡ ಎಷ್ಟು ಬೆಳೆದಿದೆ ಅಂತ ತಿಳಿಯಬೇಕಾದರೆ ಅದರ ಲೈವ್ ಆಲ್ಬಂ ಕೇಳಬೇಕು. ಅಮೆರಿಕದ 'ದಿ ವೀವರ್ಸ್' ಇದಕ್ಕೆ ಒಳ್ಳೆಯ ಉದಾಹರಣೆ.

ವೀವರ್ಸ್ ಅಂದರೆ ನೇಕಾರರು. ಜರ್ಮನಿಯ ಗೆರ್ಹಾರ್ಟ್ ಹಾಪ್ಟ್‌ಮನ್ ನೇಕಾರರ ದಂಗೆ ಕುರಿತು ಬರೆದ ನಾಟಕದಿಂದ ಬಂದ ಹೆಸರು. 1948ರಲ್ಲಿ ಪೀಟ್ ಸೀಗರ್, ಲೀ ಹೇಸ್, ರಾನಿ ಗಿಲ್ಬರ್ಟ್, ಫ್ರೆಡ್ ಹೆಲರ್‌ಮನ್ ಸೇರಿ ಕಟ್ಟಿದ ತಂಡ. 1950ರಲ್ಲಿ ಇವರ 'ಗುಡ್‌ನೈಟ್ ಐರೀನ್' 13 ವಾರ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಆ ರೆಕಾರ್ಡಿನಲ್ಲಿ ಇವರ ದನಿಯ ಹಿಂದೆ ಗಾರ್ಡನ್ ಜೆಂಕಿನ್ಸ್ ಅವರ ದೊಡ್ಡ ಆರ್ಕೆಸ್ಟ್ರಾ ಇತ್ತು.

ಬಾಗಿಲು ಮುಚ್ಚಿದಾಗ

ಅಷ್ಟರಲ್ಲಿ ಕಮ್ಯುನಿಸ್ಟರು ಎಂಬ ಆರೋಪ ಬಂತು. ರೇಡಿಯೊ, ಟಿವಿ ಕೈಬಿಟ್ಟವು. ಕಾರ್ಯಕ್ರಮಗಳು ರದ್ದಾದವು. ರೆಕಾರ್ಡ್ ಕಂಪನಿ ಡೆಕ್ಕಾ ಕೂಡ ದೂರವಾಯಿತು. 1952ರ ಹೊತ್ತಿಗೆ ತಂಡ ಚದುರಿತು. 1955ರ ಆಗಸ್ಟ್‌ನಲ್ಲಿ ಸಂಸತ್ತಿನ ವಿಚಾರಣಾ ಸಮಿತಿ ಸೀಗರ್ ಅವರನ್ನು ಕರೆಸಿತು. ಅವರು ತಮ್ಮ ರಾಜಕೀಯ ನಂಬಿಕೆಗಳ ಬಗ್ಗೆ ಉತ್ತರ ಕೊಡಲಿಲ್ಲ.

ಅದೇ ವರ್ಷ ಡಿಸೆಂಬರ್ 24ರಂದು ಮ್ಯಾನೇಜರ್ ಹೆರಾಲ್ಡ್ ಲೆವೆಂಥಾಲ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಇಟ್ಟರು. ಹಾಲ್ ಭರ್ತಿಯಾಯಿತು. ಅದರ ಆಲ್ಬಂ ತಂದದ್ದು ವ್ಯಾನ್‌ಗಾರ್ಡ್ ಎಂಬ ಸಣ್ಣ ಕಂಪನಿ, 1957ರಲ್ಲಿ.

ಇದರಲ್ಲಿ ಆರ್ಕೆಸ್ಟ್ರಾ ಇಲ್ಲ. ಬ್ಯಾಂಜೊ, ಗಿಟಾರು, ನಾಲ್ಕು ದನಿ, ಅಷ್ಟೇ. ಯಾರ ದನಿ ಯಾವುದು ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ದಕ್ಷಿಣ ಆಫ್ರಿಕಾ, ಸ್ಪೇನ್, ಇಂಡೊನೇಷ್ಯಾದ ಹಾಡುಗಳಿವೆ. ಗಣಿ ಕಾರ್ಮಿಕರ ಸಾಲದ ಹಾಡು 'ಸಿಕ್ಸ್‌ಟೀನ್ ಟನ್ಸ್' ಕೂಡ ಇದೆ. ಹಾಡುಗಳ ನಡುವೆ ಹೇಸ್ ಅವರ ತಮಾಷೆ ಮಾತು, ಜನರ ನಗು ಹಾಗೇ ಉಳಿದಿದೆ. ಸಭೆಯನ್ನು ಕೈಗೆ ತೆಗೆದುಕೊಳ್ಳುವ ವಿದ್ಯೆ ಇವರಿಗೆ ಒಲಿದಿದ್ದು ಇಲ್ಲಿ ಗೊತ್ತಾಗುತ್ತದೆ.

ಹೊಸಬರಿಗೂ ಜಾಗ

1958ರಲ್ಲಿ ಸಿಗರೇಟ್ ಜಾಹೀರಾತಿಗೆ ಹಾಡುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಸೀಗರ್ ಹೊರನಡೆದರು. ಅವರ ಜಾಗಕ್ಕೆ ಒಬ್ಬರ ನಂತರ ಒಬ್ಬರಂತೆ ಮೂವರು ಬಂದರು. 1963ರಲ್ಲಿ ಅದೇ ಹಾಲ್‌ನಲ್ಲಿ ಹಳಬರು, ಹೊಸಬರು, ಏಳೂ ಜನ ಸೇರಿ ಹಾಡಿದರು. ಆಗಿನ್ನೂ ಯುವಕನಾಗಿದ್ದ ಟಾಮ್ ಪ್ಯಾಕ್ಸ್‌ಟನ್ ಬರೆದ ಹಾಡನ್ನೂ ಹಾಡಿದರು. ಹೆಸರಾದ ತಂಡವೊಂದು ಕಿರಿಯರ ಹಾಡನ್ನು ತನ್ನ ಸಭೆಗೆ ತರುವುದೂ ಬೆಳವಣಿಗೆಯೇ.

ಕೊನೆಯ ದೊಡ್ಡ ಕಛೇರಿ 1980ರ ನವೆಂಬರ್‌ನಲ್ಲಿ, ಮತ್ತೆ ಅಲ್ಲೇ. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಕಳೆದುಕೊಂಡಿದ್ದ ಹೇಸ್ ಗಾಲಿ ಕುರ್ಚಿಯಲ್ಲಿ ಕೂತು ಹಾಡಿದರು. ದನಿಗಳಿಗೆ ವಯಸ್ಸಾಗಿತ್ತು. ಆದರೂ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟು ಹಾಡುವ ರೀತಿ ಹಾಗೇ ಇತ್ತು. ಮುಂದಿನ ಆಗಸ್ಟ್‌ನಲ್ಲಿ ಹೇಸ್ ತೀರಿಕೊಂಡರು.

ನಮ್ಮೂರ ಭಜನಾ ತಂಡಗಳ ಹಾಡು ಈಗ ಮೊಬೈಲಿನಲ್ಲೇ ರೆಕಾರ್ಡ್ ಆಗುತ್ತದೆ. ಜಾಗ ಸಾಲದೆಂದು ಹಳೆಯದನ್ನು ಅಳಿಸಬೇಡಿ. ತಂಡ ಎಲ್ಲಿಂದ ಎಲ್ಲಿಗೆ ಬಂತು ಅನ್ನುವ ಲೆಕ್ಕ ಅದರಲ್ಲೇ ಇರುತ್ತದೆ.