ಮಾರಿಷಸ್ 2060: ಅಂದಿನ ಅಜ್ಜ-ಅಜ್ಜಿಯರು ಎಷ್ಟು ಓದಿರ್ತಾರೆ ಅನ್ನೋದು ಈಗಲೇ ಹೇಗೆ ಗೊತ್ತು?

2025ರ ಜೂನ್ ಬಜೆಟ್‌ನಲ್ಲಿ ಮಾರಿಷಸ್ ಸರ್ಕಾರ ಒಂದು ಘೋಷಣೆ ಮಾಡಿತು. ಎಲ್ಲ ಹಿರಿಯರಿಗೂ ಸಿಗುವ ವೃದ್ಧಾಪ್ಯ ಪಿಂಚಣಿಯ ವಯಸ್ಸನ್ನು 60ರಿಂದ 65ಕ್ಕೆ ಹಂತ ಹಂತವಾಗಿ ಏರಿಸ್ತೀವಿ ಅಂತ. ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಈ ಗಲಾಟೆಯ ನಡುವೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಆ ವರ್ಷ 60 ತುಂಬಿದವರು 1965ರಲ್ಲಿ ಹುಟ್ಟಿದವರು. 1977ರ ಜನವರಿಯಲ್ಲಿ ಅವರಿಗೆ ಹನ್ನೊಂದು-ಹನ್ನೆರಡು ವಯಸ್ಸು. ಆ ದೇಶದಲ್ಲಿ ಹೈಸ್ಕೂಲ್ ಶಿಕ್ಷಣ ಉಚಿತವಾಗಿದ್ದು ಅದೇ ತಿಂಗಳು. ಅಂದ್ರೆ ಫೀಸ್ ಕಟ್ಟದೆ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮೊದಲ ಬ್ಯಾಚ್ ಈಗ ಪಿಂಚಣಿ ಕ್ಯೂಗೆ ಬರ್ತಿದೆ.

ಇದು ಕಾಕತಾಳೀಯ ಅನ್ನಿಸಬಹುದು. ಆದರೆ ಒಂದು ದೇಶದ ಜನ ಮುಂದಿನ ಐವತ್ತು ವರ್ಷಗಳಲ್ಲಿ ಎಷ್ಟು ಓದಿದವರಾಗಿರ್ತಾರೆ ಎಂಬ ಅಂದಾಜಿನ ವಿಧಾನ ನಿಂತಿರೋದೇ ಇಂಥ ಲೆಕ್ಕದ ಮೇಲೆ.

ಲೆಕ್ಕ ನಡೆಯೋದು ಹೀಗೆ

ಬಹುತೇಕರ ಓದು 30ರ ಒಳಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ವಯಸ್ಸು ಏರುತ್ತದೆ, ಊರು ಬದಲಾಗುತ್ತದೆ, ಕೆಲಸ ಬದಲಾಗುತ್ತದೆ. ಪ್ರಮಾಣಪತ್ರ ಮಾತ್ರ ಬದಲಾಗೋದಿಲ್ಲ. ಹಾಗಾಗಿ 2025ರಲ್ಲಿ 30 ವರ್ಷದವರಲ್ಲಿ ಎಷ್ಟು ಜನ ಹೈಸ್ಕೂಲ್ ಮುಗಿಸಿದ್ದಾರೆ ಅಂತ ಗೊತ್ತಿದ್ದರೆ, 2060ರಲ್ಲಿ 65 ವರ್ಷದವರ ಚಿತ್ರ ಹೆಚ್ಚುಕಮ್ಮಿ ಕೈಯಲ್ಲಿರುತ್ತದೆ. ಸತ್ತವರನ್ನು, ದೇಶ ಬಿಟ್ಟವರನ್ನು ಕಳೀಬೇಕು. ಹೊರಗಿನಿಂದ ಬಂದವರನ್ನು ಕೂಡಬೇಕು. ಹೆಚ್ಚು ಓದಿದವರು ಸರಾಸರಿ ಹೆಚ್ಚು ಕಾಲ ಬದುಕ್ತಾರೆ, ಓದಿದ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಡಿಮೆ ಮಕ್ಕಳನ್ನು ಹೆರ್ತಾರೆ. ಈ ವ್ಯತ್ಯಾಸಗಳನ್ನೂ ಪ್ರತಿ ಗುಂಪಿಗೆ ಬೇರೆ ಬೇರೆಯಾಗಿ ಹಾಕ್ತಾರೆ.

ಸಾಮಾನ್ಯ ಜನಸಂಖ್ಯಾ ಮುನ್ನಂದಾಜಿನಲ್ಲಿ ವಯಸ್ಸು ಮತ್ತು ಲಿಂಗ ಎಂಬ ಎರಡೇ ಕಂಬಗಳಿದ್ದರೆ, ಇಲ್ಲಿ ಶಿಕ್ಷಣ ಮೂರನೇ ಕಂಬ. ಆಸ್ಟ್ರಿಯಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಐಐಎಎಸ್‌ಎ ಈ ಗಣಿತವನ್ನು ಬೆಳೆಸಿತು. ಜನಸಂಖ್ಯಾಶಾಸ್ತ್ರಜ್ಞ ವೋಲ್ಫ್‌ಗಾಂಗ್ ಲುಟ್ಜ್ ಕಟ್ಟಿದ ವಿಯೆನ್ನಾದ ವಿಟ್ಗೆನ್‌ಸ್ಟೈನ್ ಕೇಂದ್ರ ಇದನ್ನು ಜಗತ್ತಿನ ಬಹುತೇಕ ದೇಶಗಳಿಗೆ ವಿಸ್ತರಿಸಿದೆ. ಸಮೀರ್ ಕೆ.ಸಿ., ಲುಟ್ಜ್ ಮತ್ತು ಸಂಗಡಿಗರು 2018ರಲ್ಲಿ ಇದೇ ವಿಧಾನದಿಂದ ಭಾರತದ ರಾಜ್ಯವಾರು ಅಂದಾಜನ್ನೂ ಮಾಡಿದರು. ಅದರಲ್ಲಿ ಕರ್ನಾಟಕವೂ ಇದೆ.

ಹಳೆಯ ತಲೆಮಾರು ಹೋಗಿ, ಬೇರೆ ಥರ ಬೆಳೆದ ಹೊಸ ತಲೆಮಾರು ಅದರ ಜಾಗಕ್ಕೆ ಬರೋದ್ರಿಂದಲೇ ಸಮಾಜ ಬದಲಾಗೋದು ಎಂಬುದು ಇದರ ಹಿಂದಿನ ತರ್ಕ. ನಿಧಾನ, ಆದರೆ ಊಹಿಸಬಹುದಾದ ಬದಲಾವಣೆ.

ತಪ್ಪಿಹೋದ ಹಳೆಯ ಭವಿಷ್ಯ

ಮಾರಿಷಸ್‌ನ ಬಗ್ಗೆ ಹಿಂದೊಮ್ಮೆ ಮಾಡಿದ ಭವಿಷ್ಯದ ಲೆಕ್ಕ ದೊಡ್ಡದಾಗಿ ತಪ್ಪಿತ್ತು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಮಲೇರಿಯಾ ಹತೋಟಿಗೆ ಬಂತು, ಸಾವು ಇಳಿಯಿತು, ಜನನ ಇಳಿಯಲಿಲ್ಲ. 1961ರಲ್ಲಿ ಎರಡು ಬ್ರಿಟಿಷ್ ವರದಿಗಳು ಬಂದವು: ಒಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅವರದು, ಇನ್ನೊಂದು ರಿಚರ್ಡ್ ಟಿಟ್ಮಸ್ ಮತ್ತು ಬ್ರಯಾನ್ ಏಬೆಲ್-ಸ್ಮಿತ್ ಅವರದು. ಮಕ್ಕಳ ಸಂಖ್ಯೆ ಹೀಗೇ ಮುಂದುವರಿದರೆ ಶತಮಾನದ ಕೊನೆಗೆ ಈ ಪುಟ್ಟ ದ್ವೀಪದಲ್ಲಿ ಮೂವತ್ತು ಲಕ್ಷದ ಹತ್ತಿರ ಜನ ಇರ್ತಾರೆ ಎಂಬುದು ಆಗಿನ ಆತಂಕ. ಇದ್ದದ್ದು ಕಬ್ಬಿನ ಗದ್ದೆ, ಬೇರೇನೂ ಇಲ್ಲ.

2000ದ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 11.8 ಲಕ್ಷ.

ನಡುವೆ ಏನಾಯ್ತು? 1960ರ ದಶಕದ ಆರಂಭದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರರಷ್ಟು ಮಕ್ಕಳು. ಒಂದೇ ದಶಕದಲ್ಲಿ ಅದು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಬಲವಂತದ ಕಾನೂನು ಇರಲಿಲ್ಲ. ಕುಟುಂಬ ಯೋಜನಾ ಸಂಘ ಒಂದು ಕಡೆ, ಕ್ಯಾಥೊಲಿಕ್ ಚರ್ಚ್ ಒಪ್ಪುವ ನೈಸರ್ಗಿಕ ವಿಧಾನ ಹೇಳಿಕೊಡುವ ಸಂಸ್ಥೆ ಇನ್ನೊಂದು ಕಡೆ, ಎರಡೂ ಮನೆ ಬಾಗಿಲಿಗೆ ಹೋದವು. ಆದರೆ ಇದಕ್ಕೆ ನೆಲ ಹದ ಮಾಡಿದ್ದು ಹೆಣ್ಣುಮಕ್ಕಳ ಶಾಲೆ ಅಂತ ಲುಟ್ಜ್ ವಾದಿಸ್ತಾರೆ. ಅವರ ತಂಡ 1994ರಲ್ಲಿ ಮಾರಿಷಸ್ ಬಗ್ಗೆಯೇ ಒಂದು ಪುಸ್ತಕ ತಂದಿತು. ಶಿಕ್ಷಣವನ್ನು ಬಿಟ್ಟು ಜನಸಂಖ್ಯೆ ಲೆಕ್ಕ ಹಾಕಿದರೆ ಎಲ್ಲಿ ಎಡವುತ್ತೇವೆ ಅನ್ನೋದಕ್ಕೆ ಈ ದ್ವೀಪಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

ಉಚಿತ ಶಿಕ್ಷಣವೂ ಯಾರೋ ದಯೆಯಿಂದ ಕೊಟ್ಟಿದ್ದಲ್ಲ. 1975ರ ಮೇ 20ರಂದು ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ರಾಜಧಾನಿ ಪೋರ್ಟ್ ಲೂಯಿಸ್ ಕಡೆ ನಡೆದರು. ಶ್ರೀಮಂತರ ಕಾಲೇಜಿಗೂ ಬಡವರ ಕಾಲೇಜಿಗೂ ಇದ್ದ ಅಂತರ, ವಸಾಹತು ಕಾಲದ ಪಠ್ಯ, ಪರೀಕ್ಷೆ ಇವೆಲ್ಲದರ ಮೇಲಿನ ಸಿಟ್ಟು ಅದು. ಗ್ರ್ಯಾಂಡ್ ರಿವರ್ ಸೇತುವೆ ಬಳಿ ಪೊಲೀಸರು ಅಶ್ರುವಾಯು ಬಳಸಿ ತಡೆದರು. ಮುಂದಿನ ವರ್ಷದ ಡಿಸೆಂಬರ್ ಚುನಾವಣೆಯಲ್ಲಿ 18 ವರ್ಷದವರಿಗೆ ಮೊದಲ ಸಲ ಮತ ಹಾಕುವ ಹಕ್ಕು ಸಿಕ್ಕಿತ್ತು. ಉಚಿತ ಹೈಸ್ಕೂಲ್ ಘೋಷಣೆಯನ್ನು ಪ್ರಧಾನಿ ಶಿವಸಾಗರ ರಾಮ್‌ಗುಲಾಮ್ ಮಾಡಿದ್ದೂ ಇದೇ ಹೊತ್ತಿನಲ್ಲಿ. ಮುನ್ನಂದಾಜಿನ ಗ್ರಾಫ್‌ನಲ್ಲಿ 1965ರ ಆಸುಪಾಸು ಹುಟ್ಟಿದವರ ಪಟ್ಟಿಯ ಬಣ್ಣ ಬದಲಾಗಲು ಕಾರಣಗಳಲ್ಲಿ ಆ ಸೇತುವೆಯೂ ಒಂದು.

ಮೂರು ದಾರಿ, ಒಂದೇ ಮುಪ್ಪು

ಮುಂದಿನದಕ್ಕೆ ಲೆಕ್ಕಿಗರು ಒಂದೇ ಉತ್ತರ ಕೊಡೋದಿಲ್ಲ. ಶಾಲೆಗೆ ಸೇರುವವರ ಪ್ರಮಾಣ ಇಂದಿನಷ್ಟೇ ಇದ್ದರೆ ಹೇಗೆ, ಜಗತ್ತಿನ ಸಾಮಾನ್ಯ ವೇಗದಲ್ಲಿ ಏರಿದರೆ ಹೇಗೆ, ದಕ್ಷಿಣ ಕೊರಿಯಾ, ಸಿಂಗಪುರದ ವೇಗದಲ್ಲಿ ಓಡಿದರೆ ಹೇಗೆ ಅಂತ ಬೇರೆ ಬೇರೆ ದಾರಿ ಹಾಕ್ತಾರೆ. ತಮಾಷೆ ಏನಂದ್ರೆ, 2040ರವರೆಗೆ ದುಡಿಯುವ ವಯಸ್ಸಿನವರ ಮಟ್ಟಿಗೆ ಈ ಮೂರೂ ದಾರಿ ಹೆಚ್ಚು ದೂರ ಹೋಗೋದಿಲ್ಲ. ಅಂದು ದುಡಿಯುವವರಲ್ಲಿ ಹೆಚ್ಚಿನವರು ಈಗಾಗಲೇ ಓದು ಮುಗಿಸಿದ್ದಾರೆ. 2019ರಲ್ಲಿ ಸರ್ಕಾರಿ ಸಂಸ್ಥೆಗಳಲ್ಲಿ ಮೊದಲ ಪದವಿಯನ್ನು ಉಚಿತ ಮಾಡಿದ ನಿರ್ಧಾರದ ಪೂರ್ತಿ ಪರಿಣಾಮ ಕಾಣಲು ಆ ಮೊದಲ ಬ್ಯಾಚ್ ನಡುವಯಸ್ಸು ದಾಟಬೇಕು. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಯಾವ ಪಕ್ಷಕ್ಕೆ ಇಷ್ಟು ತಾಳ್ಮೆ ಇರುತ್ತೆ?

ಜನನವಂತೂ ಕುಸಿದಿದೆ. ವರ್ಷಕ್ಕೆ ಸುಮಾರು 12 ಸಾವಿರ ಮಕ್ಕಳು. 1960ರ ದಶಕದ ಆರಂಭದಲ್ಲಿ ಇದರ ಎರಡು ಪಟ್ಟಿಗಿಂತ ಹೆಚ್ಚು ಹುಟ್ಟುತ್ತಿದ್ದರು. ಈ ಶತಮಾನ ಮುಗಿಯುವ ಮೊದಲೇ ಒಟ್ಟು ಜನಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿಯುತ್ತದೆ ಅನ್ನುತ್ತದೆ ವಿಶ್ವಸಂಸ್ಥೆಯ ಅಂದಾಜು. ಇಲ್ಲಿಂದ ಮುಂದೆ ಶಿಕ್ಷಣ ಜನರ ಸಂಖ್ಯೆಯನ್ನು ಬದಲಿಸೋದು ಕಡಿಮೆ, ವೃದ್ಧರು ಎಂಥವರು ಅನ್ನೋದನ್ನು ಬದಲಿಸೋದು ಹೆಚ್ಚು. 2060ರ ಅಜ್ಜ-ಅಜ್ಜಿಯರಲ್ಲಿ ಓದಲು ಬರದವರು ಅಪರೂಪ. ಓದಿದವರು ಹೆಚ್ಚು ಆರೋಗ್ಯವಾಗಿರ್ತಾರೆ, ಹೆಚ್ಚು ಕಾಲ ದುಡೀಬಹುದು, ಹಾಗಾಗಿ ಮುಪ್ಪಿನ ಹೊರೆ ಅಂಕಿ ಹೇಳುವಷ್ಟು ಭಾರ ಅಲ್ಲ ಎಂಬುದು ಲುಟ್ಜ್ ಪಂಥದವರ ವಾದ.

ವಾದ ಸರಿ, ಆದರೆ ಸರಾಸರಿಯ ಮಟ್ಟಿಗೆ ಮಾತ್ರ. 1977ರ ಬ್ಯಾಚ್‌ನ ಎಷ್ಟೋ ಹುಡುಗಿಯರು 1980ರ ದಶಕದಲ್ಲಿ ರಫ್ತು ವಲಯದ ಗಾರ್ಮೆಂಟ್ಸ್‌ಗೆ ಹೋದರು. ದಶಕಗಟ್ಟಲೆ ಮಷೀನ್ ಮುಂದೆ ಕೂತ ಬೆನ್ನಿಗೆ ಇನ್ನೂ ಐದು ವರ್ಷ ಅಂದರೆ, ಕಚೇರಿಯಲ್ಲಿ ಕೂತವರಿಗೆ ಐದು ವರ್ಷ ಅಂದಂತಲ್ಲ. 'ಹೈಸ್ಕೂಲ್' ಎಂಬ ಒಂದೇ ಖಾನೆಯೊಳಗೆ ಇಬ್ಬರೂ ಇರ್ತಾರೆ.

ಖಾನೆಯೊಳಗೆ ಕಾಣದವರು

ಇನ್ನೂ ಒಂದು ಗುಂಪು ಈ ಲೆಕ್ಕದಲ್ಲಿ ಕರಗಿಹೋಗುತ್ತದೆ. ಗುಲಾಮರಾಗಿ ತಂದ ಆಫ್ರಿಕನ್ನರ ವಂಶದ ಕ್ರಿಯೋಲ್ ಸಮುದಾಯದ ಹಿಂದುಳಿದಿರುವಿಕೆಗೆ ಅಲ್ಲಿ 'ಮಲೇಜ್ ಕ್ರಿಯೋಲ್' ಎಂಬ ಹೆಸರೇ ಇದೆ. ಮನೆಯಲ್ಲಿ ಬಹುಪಾಲು ಎಲ್ಲರೂ ಆಡೋದು ಕ್ರಿಯೋಲ್ ಭಾಷೆ, ಪರೀಕ್ಷೆ ಇಂಗ್ಲಿಷ್‌ನಲ್ಲಿ. ಕ್ರಿಯೋಲ್ ಭಾಷೆ ಶಾಲೆಗೆ ಐಚ್ಛಿಕ ವಿಷಯವಾಗಿ ಬಂದಿದ್ದೇ 2012ರಲ್ಲಿ. ಪ್ರಾಥಮಿಕದ ಕೊನೆಯ ಪರೀಕ್ಷೆ ದಶಕಗಳ ಕಾಲ ಹನ್ನೊಂದು ವರ್ಷದ ಮಕ್ಕಳನ್ನು ಜರಡಿ ಹಿಡಿಯಿತು; ಟ್ಯೂಷನ್‌ಗೆ ದುಡ್ಡಿದ್ದವರು ದಾಟಿದರು. 2017ರಲ್ಲಿ ಒಂಬತ್ತು ವರ್ಷಗಳ ಸತತ ಶಿಕ್ಷಣದ ವ್ಯವಸ್ಥೆ ಬಂತು. ಜಾಗತಿಕ ಮುನ್ನಂದಾಜಿನಲ್ಲಿ ವಯಸ್ಸು, ಲಿಂಗ, ಶಿಕ್ಷಣದ ಕಂಬಗಳಿವೆ. ಸಮುದಾಯದ ಕಂಬ ಇಲ್ಲ.

ವಲಸೆಯ ಸಮಸ್ಯೆ ಸಣ್ಣ ದೇಶಕ್ಕೆ ಇನ್ನೂ ತೀಕ್ಷ್ಣ. ದೊಡ್ಡ ದೇಶದಿಂದ ಸಾವಿರ ಪದವೀಧರರು ಹೊರಟರೆ ಗ್ರಾಫ್ ಅಲುಗಾಡಲ್ಲ. ವರ್ಷಕ್ಕೆ 12 ಸಾವಿರ ಹುಟ್ಟುವಲ್ಲಿ, ಒಂದೇ ವರ್ಷ ಹುಟ್ಟಿದವರಲ್ಲಿ ಸಾವಿರ ಜನ ಓದು ಮುಗಿಸಿ ಹೊರಟರೆ ಅದು ಹನ್ನೆರಡರಲ್ಲಿ ಒಬ್ಬರು. ಓದಿದವರು ಫ್ರಾನ್ಸ್, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಕಡೆ ಹೋಗ್ತಾರೆ. ಅದೇ ಹೊತ್ತಿಗೆ ಬಾಂಗ್ಲಾದೇಶ, ಭಾರತ, ನೇಪಾಳ, ಮಡಗಾಸ್ಕರ್‌ನ ಕಾರ್ಮಿಕರು ಗುತ್ತಿಗೆ ಮೇಲೆ ಬಂದು ಕಾರ್ಖಾನೆ, ಕಟ್ಟಡ ಕೆಲಸ ಹಿಡೀತಾರೆ. ಗುತ್ತಿಗೆ ಮುಗಿದರೆ ವಾಪಸ್. ಇವರನ್ನು 2060ರ ಪಟ್ಟಿಯಲ್ಲಿ ಯಾವ ಸಾಲಿಗೆ ಬರೀಬೇಕು ಅನ್ನೋದನ್ನು ಗಣಿತ ತೀರ್ಮಾನಿಸೋಕಾಗಲ್ಲ. ಅದು ವೀಸಾ ಮತ್ತು ಪೌರತ್ವದ ಕಾನೂನು ಬರೆಯುವವರ ಕೈಯಲ್ಲಿದೆ.